ಗಂಟೆಯ ಬದಲು ಹಸಿರು ಸೀರೆ

ಶಬ್ದವೂ ಒಂದು ಮಾಲಿನ್ಯ ಎಂಬ ಮಹತ್ವದ ಸಂಗತಿಯನ್ನು ನಮ್ಮೂರಿಗೆ ಮೊಟ್ಟಮೊದಲು ತಂದವಳು ನಾನು. ತಂದ ದಿನವೇ ಊರು ಕಂಡು ಕೇಳರಿಯದಷ್ಟು ಗದ್ದಲವಾಯಿತು ಎಂಬುದು ಬೇರೆ ಮಾತು!

ಎಂಬತ್ತರ ದಶಕದ ಸಮಾಚಾರ. ಸಂತೇಬೆನ್ನೂರಿನಿಂದ ಸೂಳೆಕೆರೆ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಊರು. ರಸ್ತೆಯ ಈ ಕಡೆ ನಮ್ಮ ಮನೆ, ಅದಕ್ಕೆ ಅಂಟಿಕೊಂಡೇ ನಮ್ಮ ಯಜಮಾನರ ಹಿಟ್ಟಿನ ಗಿರಣಿ, ಆ ಕಡೆ ಪ್ರೈಮರಿ ಶಾಲೆ. ನಮ್ಮ ಮಗಳು ಗಿರಿಜಾ ಅಲ್ಲಿ ಒಂದನೇ ಕ್ಲಾಸು. ಅವಳು ಮಾತು ಕಡಿಮೆ ಆಡುತ್ತಿದ್ದಳು. ಹುಣಸೆ ಬೀಜ ಸಿಕ್ಕರೆ ಸಾಲಾಗಿ ಜೋಡಿಸಿಟ್ಟು ಗಂಟೆಗಟ್ಟಲೆ ನೋಡುತ್ತಿದ್ದಳು. ಸಾಲು ಕೆಡಿಸಿದವರಿಗೆ ಉಳಿಗಾಲವಿರಲಿಲ್ಲ. ಇದಕ್ಕೆ ಆಟಿಸಂ ಎಂಬ ಹೆಸರಿದೆ ಎಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಆಗ ಊರವರು ಒಬ್ಬೊಬ್ಬರು ಒಂದೊಂದು ಹೆಸರಿಟ್ಟಿದ್ದರು. ಅವನ್ನೆಲ್ಲ ಬರೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ, ಬಿಡಿ.

ತೊಂದರೆ ಇದ್ದದ್ದು ಶಾಲೆಯ ಗಂಟೆಯಿಂದ. ಬೇವಿನ ಮರಕ್ಕೆ ನೇತುಹಾಕಿದ ರೈಲು ಹಳಿಯ ತುಂಡು ಅದು. ಢಣ್ ಎಂದರೆ ಸಾಕು, ಗಿರಿಜಾ ಎರಡೂ ಕಿವಿ ಮುಚ್ಚಿಕೊಂಡು ಚೀರುತ್ತ, ರಸ್ತೆ ದಾಟಿ, ಗಿರಣಿಗೆ ಓಡಿ ಬರುತ್ತಿದ್ದಳು. ಬಂದವಳು ಗಡಗಡ ಎನ್ನುವ ಮಿಷನ್ನಿನ ಪಕ್ಕ ಹಾಯಾಗಿ ಕುಳಿತುಬಿಡುತ್ತಿದ್ದಳು. ಆ ಗಿರಣಿಯ ಸದ್ದಿಗೆ ನಮ್ಮ ಯಜಮಾನರು ಅರ್ಧ ಕಿವುಡಾಗಿದ್ದರು. ಇವಳಿಗೆ ಅದು ಜೋಗುಳ!

ಹೆಡ್‌ಮೇಷ್ಟ್ರು ರುದ್ರಪ್ಪನವರು ಒಂದು ದಿನ ನನ್ನನ್ನು ಕರೆಸಿದರು.

"ನೋಡ್ರಿ ಸರೋಜಮ್ಮಾರೆ, ಹುಡುಗಿ ಹಿಂಗೆ ರಸ್ತೆಗೆ ಓಡಿದ್ರೆ ನಾಳೆ ಬಸ್ಸಿಗೆ ಸಿಗ್ತಾಳೆ. ನನ್ನ ಕೈಲಿ ನೋಡ್ಕಳಾಕೆ ಆಗಲ್ಲ. ಇನ್ನೊಂದು ಸಲ ಓಡಿದ್ರೆ ಟಿ.ಸಿ. ಕೊಟ್ಟು ಕಳಿಸ್ತೀನಿ."

ಈ ಶಾಲೆ ಬಿಟ್ಟರೆ ಅವಳನ್ನು ಸೇರಿಸಿಕೊಳ್ಳುವವರು ಯಾರು? ಆದರೆ ನಾನು ವಾರಪತ್ರಿಕೆ ಓದುವ ಹೆಂಗಸು. ಸುಮ್ಮನಿರುವವಳಲ್ಲ. ಮುಂದಿನ ವಾರ ಶಾಲೆಯಲ್ಲಿ ವನಮಹೋತ್ಸವವಿತ್ತು. ಪರಿಸರ ಕಾರ್ಯಕ್ರಮ ನೋಡಲು ಶಾಲಾ ಇನ್ಸ್‌ಪೆಕ್ಟರು ಬರುವವರಿದ್ದರು. ಸಸಿ ನೆಡುವುದು ಬಿಟ್ಟು ಬೇರೇನು ತೋರಿಸಬೇಕೆಂದು ಮೇಷ್ಟ್ರು ತಲೆ ಕೆರೆದುಕೊಳ್ಳುತ್ತಿದ್ದರು.

"ಮೇಷ್ಟ್ರೇ, ಶಬ್ದಮಾಲಿನ್ಯ ನಿವಾರಣೆ ತೋರಿಸ್ರಿ! ಗಂಟೆ ಬದಲು ಬಾವುಟ. ಮೇಲಕ್ಕೆ ಏರಿಸಿದ್ರೆ ಪೀರಿಯಡ್ ಮುಗೀತು ಅಂತ ಲೆಕ್ಕ."

"ಯಾವ ಬಣ್ಣದ ಬಾವುಟ?"

"ಪರಿಸರ ಅಂದ್ಮೇಲೆ ಹಸಿರೇ ಅಲ್ವೇನ್ರಿ?"

ಮೇಷ್ಟ್ರ ಮುಖ ಅರಳಿತು. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ವನಮಹೋತ್ಸವದ ದಿನ ಬೆಳಿಗ್ಗೆ, ತವರಿನವರು ಪಂಚಮಿಗೆ ಉಡಿಸಿದ್ದ ಹಸಿರು ಸೀರೆಯನ್ನು ಪೆಟ್ಟಿಗೆಯಿಂದ ತೆಗೆದೆ. ಯಜಮಾನರು ಹಿಟ್ಟು ಮೆತ್ತಿದ ಹುಬ್ಬು ಏರಿಸಿದರು.

"ಲೇ, ಇದು ಬೇಕಾ? ಇದ್ದಲ್ಲಿ ಇರಾಕೆ ಆಗಲ್ವಾ ನಿನಗೆ?"

"ನೀವು ಗಿರಣಿ ನೋಡ್ಕಳ್ರಿ. ಪರಿಸರ ನಾನು ನೋಡ್ಕಂತೀನಿ!"

ಗಂಟೆಗೆ ಗೋಣಿಚೀಲ ಸುತ್ತಿ ಬಿಗಿಯಾಗಿ ಕಟ್ಟಿದೆ. ಉದ್ದನೆಯ ಬಿದಿರು ಗಳಕ್ಕೆ ಸೀರೆ ಕಟ್ಟಿ ಶಾಲೆಯ ಅಂಗಳದಲ್ಲಿ ನಿಂತೆ. ಮೊದಲ ಪೀರಿಯಡ್ ಮುಗಿಯಿತು. ಗಳ ಎತ್ತಿದೆ. ಸೀರೆ ಪಟಪಟನೆ ಹಾರಿತು. ಕಿಟಕಿಯಲ್ಲಿ ಇಣುಕಿದರೆ ಗಿರಿಜಾ ತಣ್ಣಗೆ ಕುಳಿತಿದ್ದಳು! ನನಗೆ ಕಣ್ಣಲ್ಲಿ ನೀರು ಬಂತು. ಆ ಸಂತೋಷದಲ್ಲಿ ಗಳ ಇಳಿಸುವುದನ್ನೇ ಮರೆತೆ.

ಅಷ್ಟರಲ್ಲಿ ರಸ್ತೆಯಲ್ಲಿ ಬಸ್ಸು ಕಿರ್ರೆಂದು ನಿಂತಿತು. ಕಂಡಕ್ಟರು ಇಳಿದು ಬಂದ.

"ಏನಮ್ಮಾ, ರಸ್ತೆ ತಡೆ ಎಷ್ಟೊತ್ತಿನ ತನಕ ಐತೆ? ಜನ ಇಳಿಸಿಬಿಡ್ಲಾ?"

ಆಗ ಹೊಳೆಯಿತು. ಅದು ರೈತರ ಚಳವಳಿಯ ಕಾಲ. ಹೆಗಲ ಮೇಲೆ ಹಸಿರು ಬಟ್ಟೆ ಬಿತ್ತೆಂದರೆ ರಸ್ತೆ ಬಂದ್ ಎಂದೇ ಅರ್ಥ. ಇದು ನಮ್ಮೂರಿನ ಎಮ್ಮೆಗಳಿಗೂ ಗೊತ್ತಿತ್ತು. ವಾರಪತ್ರಿಕೆ ಓದುವ ನನಗೆ ಮಾತ್ರ ನೆನಪಾಗಿರಲಿಲ್ಲ!

"ತಡೆ ಅಲ್ಲಪ್ಪಾ, ಇದು ನನ್ನ ಸೀರೆ" ಎಂದೆ. ಯಾರು ಕೇಳಬೇಕು? ನಾಲೆಯ ನೀರು ಕೊನೆಯ ಗದ್ದೆಗಳಿಗೆ ಬಂದಿಲ್ಲವೆಂದು ಜನ ಮೊದಲೇ ಕುದಿಯುತ್ತಿದ್ದರು. ಬಾವುಟ ಕಂಡದ್ದೇ ತಡ, ಗದ್ದೆಗಳಿಂದ ಎದ್ದು ಬಂದು ರಸ್ತೆಯ ಮೇಲೆ ಕುಳಿತೇಬಿಟ್ಟರು. ಬಸ್ಸಿನ ಹಿಂದೆ ಲಾರಿ, ಲಾರಿಯ ಹಿಂದೆ ಟ್ರ್ಯಾಕ್ಟರು, ಎಲ್ಲಕ್ಕೂ ಒಂದೊಂದು ಹಾರನ್ನು. "ನಾಲೆಗೆ ನೀರು ಬಿಡ್ರಿ!" ಎಂದು ಅವರು ಕೂಗಿದರೆ, ಅಂಗಳದಲ್ಲಿ ಸಸಿ ಹಿಡಿದು ನಿಂತಿದ್ದ ದೊಡ್ಡ ಕ್ಲಾಸಿನ ಮಕ್ಕಳು "ಗಿಡಕ್ಕೆ ನೀರು ಬಿಡ್ರಿ!" ಎಂದು ಸೇರಿಸಿದವು. ಪೊಲೀಸ್ ಜೀಪು ಬಂತು. ಶಬ್ದಮಾಲಿನ್ಯ ನಿವಾರಣೆ ನೋಡಲು ಬಂದ ಇನ್ಸ್‌ಪೆಕ್ಟರು ಲಾರಿಯ ಹಿಂದೆ ಸಿಕ್ಕಿಕೊಂಡು, ಕಿವಿಗೆ ಕರವಸ್ತ್ರ ತುರುಕಿಕೊಂಡು ನಡೆದು ಬಂದರು.

ಒಬ್ಬ ಹಿರಿಯರಂತೂ ನನ್ನ ಬಳಿ ಬಂದು, "ತಾಯೀ, ಹೆಣ್ಣುಮಗಳಾಗಿ ಮುಂದೆ ನಿಂತೀರಿ. ಒಂದೆರಡು ಮಾತಾಡ್ರಿ" ಎಂದರು!

ನಾನು ಆ ಗಳಿಗೆಯಲ್ಲಿ ಕ್ಲಾಸಿನೊಳಗೆ ನೋಡಿದೆ. ಗಿರಿಜಾ ಇರಲಿಲ್ಲ.

ಇಷ್ಟು ಗದ್ದಲ, ಇಷ್ಟು ಗಾಡಿ! ಕೂಗಿದರೆ ನನ್ನ ದನಿ ನನಗೇ ಕೇಳಿಸದು. ಗಳ ಬಿಸಾಕಿ ರಸ್ತೆಗೆ ಓಡಿದೆ. ಗಿರಣಿಯಿಂದ ಯಜಮಾನರೂ ಓಡಿ ಬಂದರು. "ಇಲ್ಲಿಗೆ ಬಂದಿಲ್ಲ ಕಣೇ!" ಎಂದರು. ಅವರ ಮುಖ ಹಿಟ್ಟಿಗಿಂತ ಬೆಳ್ಳಗಿತ್ತು.

ಢಣ್! ಢಣ್! ಢಣ್! ಢಣ್!

ತಿರುಗಿ ನೋಡಿದರೆ ಬೇವಿನ ಮರದ ಕೆಳಗೆ ಕಲ್ಲು ಹತ್ತಿ ನಿಂತು, ಎರಡೂ ಕೈಯಲ್ಲಿ ಕಬ್ಬಿಣದ ಸರಳು ಹಿಡಿದು, ನನ್ನ ಮಗಳೇ ಗಂಟೆ ಬಾರಿಸುತ್ತಿದ್ದಾಳೆ! ನಾನು ಕಟ್ಟಿದ್ದ ಗೋಣಿಚೀಲವನ್ನು ನೀಟಾಗಿ ಮಡಚಿ ಪಕ್ಕದಲ್ಲಿಟ್ಟಿದ್ದಾಳೆ.

ಆಮೇಲೆ ಆದದ್ದನ್ನು ನೀವು ನಂಬಲಿಕ್ಕಿಲ್ಲ. ಅದು ಶಾಲೆ ಬಿಡುವ ಉದ್ದ ಗಂಟೆ. ಮಕ್ಕಳು ಸಸಿ ಸಮೇತ ಮನೆಗೆ ಓಡಿದವು. ರಸ್ತೆಯಲ್ಲಿ ಕುಳಿತಿದ್ದ ಗಂಡಸರೆಲ್ಲ ಇದೇ ಶಾಲೆಯಲ್ಲಿ, ಇದೇ ಗಂಟೆ ಕೇಳಿ ಬೆಳೆದವರು. ತಮಗೇ ಗೊತ್ತಿಲ್ಲದೆ ಎದ್ದು ನಿಂತರು. ಪಂಚೆಯ ಧೂಳು ಕೊಡವಿದರು. ಘೋಷಣೆ ಅರ್ಧಕ್ಕೇ ನಿಂತಿತು. ಹಿರಿಯರು ತಲೆ ಕೆರೆದುಕೊಂಡು, "ಸ್ಕೂಲ್ ಬಿಡ್ತು, ನಡ್ರಪ್ಪಾ" ಎಂದು ಹೊರಟೇಹೋದರು!

ನಾನು ಮಗಳನ್ನು ಅಪ್ಪಿಕೊಳ್ಳಲು ಹೋದೆ. ಅವಳಿಗೆ ಅದು ಸೇರದು, ಹಿಂದೆ ಸರಿದಳು.

"ನಿನಗೆ ಹೆದರಿಕೆ ಆಗಲಿಲ್ವೇನೇ?"

ಗಂಟೆಯನ್ನೇ ನೋಡುತ್ತ ಹೇಳಿದಳು: "ಅವರು ಹೊಡೆದ್ರೆ ಯಾವಾಗ ಹೊಡೀತಾರೋ ಗೊತ್ತಾಗಲ್ಲ. ನಾನು ಹೊಡೆದ್ರೆ ಗೊತ್ತಾಗ್ತೈತೆ."

ಅಷ್ಟೇ! ಇಷ್ಟು ದಿನ ಅವಳನ್ನೇ ಒಂದು ಮಾತು ಕೇಳಲು ನನಗೆ ತೋಚಿರಲಿಲ್ಲ. ರುದ್ರಪ್ಪ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ನಾಳೆಯಿಂದ ಗಂಟೆ ಇವಳದೇ. ಟಿ.ಸಿ. ಮಾತು ಇಲ್ಲಿಗೆ ಬಿಡ್ರಿ. ಆ ಸೀರೆ ಮಾತ್ರ ದಯವಿಟ್ಟು ಮನೇಗೆ ತಗಂಡು ಹೋಗ್ರಿ."

ಗಿರಿಜಾ ಮತ್ತೆ ಓಡಲಿಲ್ಲ. ಗೋಡೆ ಗಡಿಯಾರದ ಮುಳ್ಳು ನೋಡಿಕೊಂಡು ಗಂಟೆ ಹೊಡೆದಳು. ಒಂದು ನಿಮಿಷ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಅಭ್ಯಾಸ ಹೆಚ್ಚಾಗಿ ಮನೆಯಲ್ಲೂ ಒಂದು ಹಿತ್ತಾಳೆ ತಟ್ಟೆ ನೇತುಹಾಕಿಕೊಂಡಳು. ಊಟಕ್ಕೊಂದು ಗಂಟೆ, ನಿದ್ದೆಗೊಂದು ಗಂಟೆ. ನಾನು ಪಕ್ಕದ ಮನೆ ನಾಗಮ್ಮನ ಜೊತೆ ಬೇಲಿಯ ಹತ್ತಿರ ನಾಲ್ಕು ಮಾತು ಶುರುಮಾಡಿದರೆ ಸರಿಯಾಗಿ ಹತ್ತು ನಿಮಿಷಕ್ಕೆ ಢಣ್!

"ಅವ್ವಾ, ಪೀರಿಯಡ್ ಮುಗೀತು."

ಯಜಮಾನರು ಗಿರಣಿಯಿಂದಲೇ ಗಹಗಹಿಸಿ ನಗುತ್ತಿದ್ದರು. ಶಬ್ದಮಾಲಿನ್ಯ ನಿವಾರಣೆ ನಮ್ಮೂರಿನಲ್ಲಿ ಯಶಸ್ವಿಯಾದದ್ದು ಒಂದೇ ಒಂದು ಕಡೆ. ನನ್ನ ಬಾಯಲ್ಲಿ!