ಐದನೇ ಮನೆಯ ಮಾಮಿಯ ಸರದಿ

ಎಂಬತ್ತರ ದಶಕದ ಆ ಬೇಸಿಗೆಯಲ್ಲಿ, ವೆಸ್ಟ್ ಮಾಂಬಲಂನ ನಮ್ಮ ವಠಾರವನ್ನು ನೀರಿನ ಬವಣೆಯಿಂದ ಶಾಶ್ವತವಾಗಿ ಪಾರುಮಾಡಲು ನಾನು ತೀರ್ಮಾನಿಸಿದೆ. ಆಫೀಸಿನಲ್ಲಿ ಕಂಪ್ಯೂಟರ್ ಇತ್ತು, ಅದನ್ನು ಓಡಿಸಲು ನಾನಿದ್ದೆ. ಇನ್ನೇನು ಬೇಕು!

ತಂಗಿ ವತ್ಸಲೆಯನ್ನು ನೋಡಲು ತಾಂಬರಂನಿಂದ ಗಂಡಿನವರು ಬರುವವರಿದ್ದರು. ಹಿಂದೆ ಬಂದಿದ್ದವರು ಕೈತೊಳೆಯಲೂ ನೀರಿಲ್ಲದ್ದನ್ನು ಕಂಡು ಮತ್ತೆ ಕಾಗದವನ್ನೇ ಹಾಕಿರಲಿಲ್ಲ. ಅಮ್ಮ ಅತ್ತಿದ್ದಳು.

ವಠಾರದ ಪ್ರತಿಯೊಬ್ಬರ ಹೆಸರಿಗೂ, ಅವರ ನೀರಿನ ಖರ್ಚನ್ನು ಯಂತ್ರಕ್ಕೆ ಓದಿಸಲು, ಒಂದೊಂದು ಕಾರ್ಡು ತೂತು ಹೊಡೆಸಿದೆ. ಯಂತ್ರದೊಳಗೆ ಇವರೆಲ್ಲ ಸುಳ್ಳುಸುಳ್ಳೇ ಸ್ನಾನ ಮಾಡುತ್ತಾರೆ, ಸುಳ್ಳುಸುಳ್ಳೇ ಅಕ್ಕಿ ತೊಳೆಯುತ್ತಾರೆ. ಯಂತ್ರ ಸರದಿಯನ್ನು ಬದಲಿಸಿ ಬದಲಿಸಿ ನೋಡಿ, ಕೊರತೆ ಅತಿ ಕಡಿಮೆಯಾಗುವ ಸರದಿಯನ್ನು ಆರಿಸುತ್ತದೆ. ನೀರು ಎಷ್ಟು ಜೋರಾಗಿ ಬರುತ್ತದೆಂದು ಅಳೆಯಲು ಮನೆಮನೆಗೂ ಹೋದೆ. ನಮ್ಮ ತಲೆಯ ಮೇಲಿನ ಐದನೇ ಮನೆಯ ಮಾಮಿ ಅಷ್ಟರಲ್ಲಿ ತೀರಿಕೊಂಡಿದ್ದರು. ಬೀಗದ ಕೈ ನಮ್ಮಲ್ಲೇ ಇತ್ತು. ಅಲ್ಲಿಗೂ ಹೋದೆ. ನೀರು ಬರಲಿಲ್ಲ, ಬಂದುಬಿಟ್ಟೆ.

ಗಂಡಿನವರು ಬರುವ ದಿನ ಬೆಳಿಗ್ಗೆ, ಯಂತ್ರ ಕೊಟ್ಟ ಹಾಳೆಯನ್ನು ಮಾಳಿಗೆಯ ತೊಟ್ಟಿಗೆ ಅಂಟಿಸಿದೆ. ಅದರಂತೆ ಒಂದೊಂದು ಮನೆಯ ವಾಲ್ವ್ ತಿರುಗಿಸಲು ವಾಚ್‌ಮನ್ ಕಣ್ಣನ್‌ಗೆ ಅಪ್ಪಣೆಯಾಯಿತು.

ಗಂಡಿನವರು ಬಂದರು. ಬಜ್ಜಿ ತಿಂದರು. ಮಧ್ಯಾಹ್ನದ ವಠಾರ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಕಾಗೆಯೂ ಕೂಗುತ್ತಿರಲಿಲ್ಲ. ಆಗ, ಮೇಲಿನ ಬೀಗದ ಮನೆಯೊಳಗೆ, ಬಕೆಟ್ಟಿಗೆ ನೀರು ಬೀಳುವ ಸದ್ದು. ಮೊದಲು ತೊಟ್ಟುತೊಟ್ಟಾಗಿ. ಆಮೇಲೆ ಧೋ ಎಂದು. ಮಾಮಿ ಮಡಿಸ್ನಾನ ಮಾಡುತ್ತಿದ್ದ ಹೊತ್ತು ಅದೇ!

“ಮೇಲ್ಗಡೆ ಯಾರಿದಾರೆ?” ಹುಡುಗನ ತಾಯಿ ಕೇಳಿದರು.

“ಯಾರುಮ್ ಇಲ್ಲೆ. ಮಾಮಿ ಸೆತ್ತು ಪೋಯಿಟ್ಟಾಂಗ,” ಎಂದಳು ವತ್ಸಲೆ, ಅಭ್ಯಾಸಬಲದಿಂದ ತಮಿಳಿನಲ್ಲಿ. ಸತ್ತವರ ಮನೆ ಎಂದು ತಿಳಿಯಲು ತಾಂಬರಂನವರಿಗೆ ಹೊತ್ತು ಹಿಡಿಯಲಿಲ್ಲ.

ನಾನು ಮಾಳಿಗೆಗೆ ಓಡಿದೆ. ಕಣ್ಣನ್ ವಾಲ್ವ್ ಹಿಡಿದುಕೊಂಡೇ ಹಾಳೆಯತ್ತ ಬೆರಳು ತೋರಿಸಿದ. “ಐಂದಾಂ ನಂಬರ್ ಟೈಮ್ ಸಾರ್! ಪೇಪರ್‌ಲ ಇರುಕ್ಕು!”

ಐದನೇ ಮನೆಯ ಹೊತ್ತು ಅದರಲ್ಲಿ ಇತ್ತು. ಮಾಮಿಯ ಕಾರ್ಡನ್ನು ತೆಗೆಯುವುದೇ ಮರೆತಿದ್ದೆ. ಯಂತ್ರ ಅವರಿಗೆ ಎಲ್ಲರಿಗಿಂತ ದೀರ್ಘ ಸರದಿ ಕೊಟ್ಟಿತ್ತು. ವಾಲ್ವ್ ತೆರೆದದ್ದೇನೋ ಸರಿ, ಒಳಗೆ ನಲ್ಲಿ ತಿರುಗಿಸಿದವರು ಯಾರು?

ಮನೆಯಿಂದ ಬೀಗದ ಕೈ ತಂದು ಬೀಗ ತೆಗೆದೆ. ಬಚ್ಚಲಲ್ಲಿ ಯಾರೂ ಇಲ್ಲ. ನಲ್ಲಿ ಪೂರ್ತಿ ತೆರೆದಿದೆ, ನೀಲಿ ಬಕೆಟ್ ತುಂಬಿ ಹರಿಯುತ್ತಿದೆ.

ಹಿಂದೆಯೇ ಬಂದ ಹೆಂಡತಿ ಇಣುಕಿದಳು. “ಏನ್ರೀ, ಇದು ನಮ್ಮ ಬಕೆಟ್ಟಲ್ವಾ? ಎಲ್ಲೆಲ್ಲಿ ಹುಡುಕಿದೆ!”

ಅಂದು ಅಳೆಯಲು ಹೋದವನು ಬಕೆಟ್ಟನ್ನೂ ಅಲ್ಲೇ ಬಿಟ್ಟಿದ್ದೆ, ನಲ್ಲಿಯನ್ನೂ ತೆರೆದೇ ಬಿಟ್ಟಿದ್ದೆ!

ತೊಟ್ಟಿ ಬರಿದಾಗಿತ್ತು. ಗಂಡಿನವರು ಬಜ್ಜಿಯ ಎಣ್ಣೆಗೈಯಲ್ಲೇ ರೈಲು ಹಿಡಿದರು. ಅಮ್ಮ ಮತ್ತೆ ಅತ್ತಳು. ಈ ಸಲ ನನಗೂ ಅಳು ಬಂತು.

“ನಾಳೆಯೇ ಮಾಮಿ ಕಾರ್ಡ್ ತೆಗೀತೀನಿ,” ಎಂದೆ.

“ಮಾಮಿ ಇರ್ಲಿ ಬಿಡಿ. ನಿಮ್ಮ ಕಾರ್ಡ್ ತೆಗೀರಿ,” ಎಂದಳು ಹೆಂಡತಿ.

ಮರುದಿನ ಆಫೀಸಿನಲ್ಲಿ, ಯಾರೂ ನೋಡದ ಹೊತ್ತಿನಲ್ಲಿ, ಹಾಗೇ ಮಾಡಿದೆ. ಯಂತ್ರ ಗೊರಗೊರ ಎಂದು ಹಾಳೆ ಹೊರಹಾಕಿತು. ಅದರ ಪ್ರಕಾರ, ಮಾಮಿ ದಿನವೂ ನೆಮ್ಮದಿಯಾಗಿ ಸ್ನಾನ ಮಾಡಿದರೂ ವಠಾರದಲ್ಲಿ ಯಾರಿಗೂ ನೀರಿನ ಕೊರತೆಯೇ ಇರಲಿಲ್ಲ!