ಪಟ್ಟಾಪಟ್ಟಿ ಸಾಯಬಾನ

ಪಕ್ಕದ ಹೊಲದವನ ಎತ್ತು ಕಂಡು ಮತ್ಸರಪಡುವವರಿದ್ದಾರೆ. ಸಡ್ಡಕನ ಮನೆಗೆ ಮಾಳಿಗೆ ಏರಿತೆಂದು ಎರಡು ದಿನ ಊಟ ಬಿಟ್ಟವರನ್ನು ನಾನೇ ನೋಡಿದ್ದೇನೆ. ಇವೆಲ್ಲ ಮರ್ಯಾದಸ್ಥ ಮತ್ಸರಗಳು. ನಾಲ್ಕು ಜನರ ನಡುವೆ ಹೇಳಿಕೊಂಡರೆ ಕೇಳಿದವರೂ ತಮ್ಮದೊಂದನ್ನು ಹೇಳಿ ಹಗುರಾಗುತ್ತಾರೆ. ನನ್ನದು ಹಾಗೆ ಹೇಳಿಕೊಳ್ಳುವ ಬಗೆಯದಲ್ಲ. ನಾನು ಮತ್ಸರಪಟ್ಟದ್ದು ನನ್ನ ಸ್ವಂತ ಹೆಂಡತಿಯ ಮೇಲೆ. ಅದೂ ಆಕೆಯ ರೂಪಕ್ಕಲ್ಲ, ತವರಿನ ಸಿರಿಗಲ್ಲ. ಒಂದು ಬಟ್ಟೆಯ ನೆರಳಿಗೆ. ಈಗ ಇಬ್ಬರಿಗೂ ವಯಸ್ಸಾಗಿದೆ, ಆಕೆಗೆ ಕಿವಿಯೂ ಸ್ವಲ್ಪ ಮಂದ. ಆದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆಗಿ ಒಂದೆರಡು ವರ್ಷ ಕಳೆದಿದ್ದ ಕಾಲ. ಹೈದರಾಬಾದ್ ರಾಜ್ಯದ ಕಚೇರಿಗಳಿಗೆ ಹೊರಗಿನಿಂದ ಹೊಸ ಅಧಿಕಾರಿಗಳು ಬರುತ್ತಿದ್ದರು. ಜಮೀನಿನ ತಕರಾರುಗಳನ್ನು ಊರೂರಿಗೆ ಹೋಗಿ ವಿಚಾರಿಸಬೇಕೆಂದು ಬಳ್ಳಾರಿ ಕಡೆಯ ಒಬ್ಬ ಸಾಹೇಬರನ್ನು ಭಾಲ್ಕಿಗೆ ಕಳಿಸಿದರು. ನಾನು ಅವರ ಗುಮಾಸ್ತ. ನನ್ನ ಬಂಡವಾಳವೆಲ್ಲ ಉರ್ದು. ನಾನು ಬರೆದ ಕಾಗದವನ್ನು ಹಳೆಯ ತಹಸೀಲದಾರರು ಓದುವ ಮೊದಲು ಒಂದು ಸಲ ಕೈ ಉದ್ದ ಮಾಡಿ ಹಿಡಿದು ಚಂದ ನೋಡುತ್ತಿದ್ದರು. ಈ ಹೊಸ ಸಾಹೇಬರೋ, ಅದೇ ಕಾಗದವನ್ನು ತಲೆಕೆಳಗಾಗಿ ಹಿಡಿದು, "ಇದರಲ್ಲಿ ಏನು ಬರೆದಿದೆ, ಸ್ವಲ್ಪ ಹೇಳಿ" ಎನ್ನುತ್ತಿದ್ದರು. ಉರ್ದು ಗುಮಾಸ್ತರನ್ನು ಇಟ್ಟುಕೊಳ್ಳುತ್ತಾರೋ ಮನೆಗೆ ಕಳಿಸುತ್ತಾರೋ ಎಂಬ ಮಾತು ಕಚೇರಿಯಲ್ಲಿ ದಿನವೂ ಏಳುತ್ತಿತ್ತು. ಹೇಗಾದರೂ ಮಾಡಿ ಸಾಹೇಬರಿಗೆ ಬೇಕಾದವನಾಗಬೇಕೆಂದು ನಾನು ಸಂದರ್ಭ ಕಾಯುತ್ತಿದ್ದೆ.

ಸಂದರ್ಭ ಎರಡು ಗಾಲಿಯ ಮೇಲೆ ಬಂತು. ಮಿಲಿಟರಿಯವರು ಬಿಟ್ಟುಹೋದ ಒಂದು ಟ್ರೇಲರ್ ಸಾಹೇಬರ ಜೀಪಿಗೆ ಸಿಕ್ಕಿತು. ಪುಟ್ಟ ಕೋಣೆಯಂಥ ಗಾಡಿ. ಒಳಗೆ ಒಂದು ಮಂಚ, ಕಾಗದದ ಟ್ರಂಕು, ನೀರಿನ ಹೂಜಿ ಇಡಬಹುದು. ಜೀಪಿನ ಹಿಂದೆ ಕಟ್ಟಿಕೊಂಡು ಹೋಗಿ ಯಾವುದಾದರೂ ಊರ ಹೊರಗೆ ನಿಲ್ಲಿಸಿದರೆ ಅದೇ ಮನೆ, ಅದೇ ಕಚೇರಿ. ಕೊರತೆ ಒಂದೇ. ಅರ್ಜಿ ತಂದ ಜನ ಬಿಸಿಲಲ್ಲಿ ನಿಲ್ಲಬೇಕು. ಬಾಗಿಲ ಮೇಲಿನಿಂದ ಮುಂದಕ್ಕೆ ಚಾಚುವ ಒಂದು ಬಟ್ಟೆಯ ಚಪ್ಪರ ಬೇಕಿತ್ತು. ನಮ್ಮ ಕಡೆ ಅದಕ್ಕೆ ಸಾಯಬಾನ ಎನ್ನುತ್ತಾರೆ. "ಯಾರು ಹೊಲಿಯುತ್ತಾರೆ?" ಎಂದು ಸಾಹೇಬರು ಕೇಳಿ ಮುಗಿಸುವುದರೊಳಗೆ ನಾನು, "ನಮ್ಮ ಮನ್ಯಾಗ ಮಶೀನ ಅದರಿ ಸಾಹೇಬ್ರ, ನೀವು ಚಿಂತಿ ಬಿಡ್ರಿ" ಎಂದುಬಿಟ್ಟೆ.

ಮಶೀನು ನನ್ನದಲ್ಲ, ನನ್ನ ಹೆಂಡತಿ ನೀಲಮ್ಮನದು. ಮದುವೆಯಲ್ಲಿ ನಾನು ಸೈಕಲ್ ಕೇಳಿದ್ದೆ. ಖಟಕ ಚಿಂಚೋಳಿಯ ನಮ್ಮ ಮಾವ ಮಗಳಿಗೆ ಕೈಯಿಂದ ತಿರುಗಿಸುವ ಹೊಲಿಗೆ ಮಶೀನು ಕೊಡಿಸಿ, "ಅದಕ್ಕೂ ಗಾಲಿ ಅದ, ಇದಕ್ಕೂ ಗಾಲಿ ಅದ, ಸುಮ್ಕ ಒಯ್ರಿ" ಎಂದಿದ್ದರು. ನೀಲಮ್ಮ ಅದರ ಮೇಲೆ ಓಣಿಯ ಹೆಂಗಸರ ಕುಬಸ ಹೊಲಿಯುತ್ತಿದ್ದಳು. ಅದರ ಕಟಕಟ ಸದ್ದಿಗೆ ನನ್ನ ತಲೆ ನೋಯುತ್ತದೆಂದು ನಾನು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದೆ.

ಸಾಯಬಾನದ ಸುದ್ದಿ ಹೇಳಿದೊಡನೆ ಆಕೆ ಕೇಳಿದಳು: "ಬಾಗಿಲಾ ಎಷ್ಟು ಎತ್ತರ ಅದರಿ? ಕಂಬ ಎರಡೋ ನಾಕೋ? ಗಾಳಿ ಬಂದ್ರ ಹಗ್ಗ ಎಲ್ಲಿ ಬಿಗೀಬೇಕು? ಮಳಿ ನೀರ ಯಾವ ಕಡಿ ಹರೀಬೇಕು?"

ಇವುಗಳಲ್ಲಿ ಒಂದಕ್ಕೂ ನನ್ನ ಬಳಿ ಉತ್ತರವಿರಲಿಲ್ಲ. ಉತ್ತರವಿಲ್ಲದ ಗಂಡಸು ಮಾಡುವುದನ್ನೇ ಮಾಡಿದೆ, ದನಿ ಏರಿಸಿದೆ. "ಹೊಲಿಯೂದಷ್ಟೇ ನಿನ್ನ ಕೆಲಸ. ಅರಿವಿ ಆರಸೂದು ನಾ ನೋಡ್ಕೋತೇನಿ."

"ಹ್ಞೂಂರಿ" ಎಂದಳು. ಮದುವೆಯಾದ ಮೇಲೆ ಆಕೆಯ ಈ ಹ್ಞೂಂಗೆ ಹೆದರಬೇಕೆಂದು ಕಲಿಯಲು ನನಗೆ ಹಲವು ವರ್ಷ ಹಿಡಿದವು.

ರೈಲು ಹತ್ತಿ ಬೀದರಿಗೆ ಹೋದೆ. ಊರ ನಡುವಿನ ಚೌಬಾರಾ ಗೋಪುರದ ಹತ್ತಿರ ಒಬ್ಬ ಶೇಠಜಿಯ ಬಟ್ಟೆ ಅಂಗಡಿ. ಅವರು ಮೊದಲು ದಪ್ಪ ಖಾಕಿ ಬಟ್ಟೆ ತೆಗೆದರು. ನಾನು ಬೇಡವೆಂದೆ. ಇದರಲ್ಲಿ ಮಾತ್ರ ನನ್ನ ಬುದ್ಧಿ ಸರಿಯಿತ್ತು. ಆ ಎರಡು ವರ್ಷ ಹಳ್ಳಿಯ ಜನ ಖಾಕಿಯನ್ನು ಸಾಕುಬೇಕಾಗುವಷ್ಟು ನೋಡಿದ್ದರು; ದೂರದಲ್ಲಿ ಖಾಕಿ ಡೇರೆ ಕಂಡರೆ ಸಾಕು, ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಅಂಥವರು ಅರ್ಜಿ ಹಿಡಿದು ಅದರ ಕೆಳಗೆ ಬರುವುದು ಹೇಗೆ? ಅಷ್ಟಕ್ಕೇ ನಿಂತಿದ್ದರೆ ನಾನು ಜಾಣ. ಆದರೆ ಕಪಾಟಿನ ಮೇಲಿನ ಸಾಲಿನಲ್ಲಿ ಕೆಂಪು-ಹಸಿರು ಪಟ್ಟೆಯ ಬಟ್ಟೆಯೊಂದು ಕಂಡಿತು. ಹುಡುಗನಾಗಿದ್ದಾಗ ಯಾರೋ ನವಾಬರ ಮದುವೆಯಲ್ಲಿ ದೂರದಿಂದ ನೋಡಿದ ಶಾಮಿಯಾನ ನೆನಪಾಯಿತು. ಅದರ ಕೆಳಗೆ ಸಾಹೇಬರು, ಅವರ ಮಗ್ಗುಲಲ್ಲಿ ನಾನು! ಶೇಠಜಿ, "ಇದು ಹಂದರದ ಶೋಭಾಕ್ಕ ಒಯ್ಯೂ ಅರಿವಿರಿ. ಮಳಿಗೆ ನಡಿಯಂಗಿಲ್ಲ, ಆಮ್ಯಾಲ ನನಗ ಅನಬ್ಯಾಡ್ರಿ" ಎಂದರು. ವ್ಯಾಪಾರಿಯೊಬ್ಬ ತನ್ನ ಸರಕನ್ನು ತಾನೇ ಬೇಡವೆಂದರೆ ಅದರಲ್ಲೇನೋ ಮೋಸವಿದೆಯೆಂದು ತಿಳಿದು, ಬಟ್ಟೆಯ ಇಡೀ ಸುರುಳಿ, ಪೂರ್ತಿ ಒಂದು ತಾನು, ಕಟ್ಟಿಸಿಕೊಂಡು ಬಂದೆ.

ನೀಲಮ್ಮ ಬಟ್ಟೆಯ ಮೂಲೆಯೊಂದನ್ನು ನೀರಲ್ಲಿ ಅದ್ದಿ ತನ್ನ ಅಂಗೈ ಮೇಲೆ ಹಿಂಡಿದಳು. ಅಂಗೈಯನ್ನು ನನ್ನತ್ತ ಹಿಡಿದಳು. ಮದರಂಗಿ ಹಚ್ಚಿದಂತಿತ್ತು. "ಶಾಮಿಯಾನ ನೀ ಎಂದರ ನೋಡೀದೇನು?" ಎಂದೆ. ಆಕೆ ಕೈ ಒರೆಸಿಕೊಂಡು ಹೊಲಿಯತೊಡಗಿದಳು. ನಾನು ಕೊಟ್ಟ ಅಳತೆಯಂತೆ ಹಪ್ಪಳದ ಹಾಗೆ ಸಪಾಟಾಗಿ ಹೊಲಿದಳು. ಆದರೆ ಜೋಡಿನ ಹೊಲಿಗೆಗಳನ್ನು ಮಡಚಿ ಎರಡೆರಡು ಸಲ ಹಾಕಿದಳು, ಅಂಚಿನೊಳಗೆ ಹಗ್ಗ ತೂರಿಸಿದಳು, ಮೂಲೆಗಳಿಗೆ ಚರ್ಮದ ತುಂಡು ಕೂಡಿಸಿದಳು.

ಮೊದಲ ಮುಕ್ಕಾಂ ಔರಾದ ತಾಲೂಕಿನ ಸಂತಪುರದಲ್ಲಿ. ಬೇವಿನ ಮರದ ಮಗ್ಗುಲಲ್ಲಿ ಟ್ರೇಲರ್ ನಿಲ್ಲಿಸಿ ಸಾಯಬಾನ ಬಿಚ್ಚಿದೆವು. ಜನ ಹೆದರಲಿಲ್ಲ, ಗುಂಪುಗೂಡಿ ಬಂದರು. ನನ್ನ ಎದೆ ಉಬ್ಬಿತು. ಮುಂದೆ ನಿಂತಿದ್ದ ಮುದುಕಿಯೊಬ್ಬಳು ಪಟ್ಟೆಗಳನ್ನು ಈ ತುದಿಯಿಂದ ಆ ತುದಿವರೆಗೆ ನೋಡಿ, ಖರೇ ಖರೇ ಅಚ್ಚರಿಯಿಂದ ಕೇಳಿದಳು: "ಯಪ್ಪಾ, ಸಾಹೇಬ್ರ ಚಡ್ಡಿ ಇಷ್ಟು ದೊಡ್ಡದೇನೋ?"

ನಮ್ಮ ಕಡೆಯ ಒಕ್ಕಲಿಗರೆಲ್ಲ ಒಳಗೆ ಹಾಕುವುದು ಪಟ್ಟಾಪಟ್ಟಿ ಬಟ್ಟೆಯದೇ ಚಡ್ಡಿ ಎಂಬುದು ಅಂಗಡಿಯಲ್ಲಿ ನನಗೆ ಹೊಳೆದಿರಲಿಲ್ಲ. ಜನ ನಕ್ಕರು. ಸಾಹೇಬರಿಗೆ ಆ ಮಾತು ಪೂರ್ತಿ ತಿಳಿಯಲಿಲ್ಲ, ಅವರೂ ಸೌಜನ್ಯಕ್ಕೆ ನಕ್ಕರು. ನಾನೊಬ್ಬ ನಗಲಿಲ್ಲ. ಮಧ್ಯಾಹ್ನ ಮಳೆ ಬಂತು. ಸಪಾಟು ಬಟ್ಟೆಯ ನಡುವೆ ನೀರು ನಿಂತು ಎಮ್ಮೆಯ ಹೊಟ್ಟೆಯಂತೆ ಜೋತುಬಿದ್ದು, ಕೆಂಪು ಒಂದು ಕಡೆ, ಹಸಿರು ಒಂದು ಕಡೆ ಸೋರತೊಡಗಿತು. ಅರ್ಜಿಗಳ ಮೇಲೆ ಸೋರಿತು, ಗೌಡರ ಬಿಳಿ ರುಮಾಲಿನ ಮೇಲೆ ಸೋರಿತು. ಸಾಹೇಬರ ಬಿಳಿ ಕೋಟು ಹೋಳಿ ಆಡಿದಂತಾಯಿತು. ಅವರು ಕೋಪ ಮಾಡಿಕೊಳ್ಳಲಿಲ್ಲ. ಒದ್ದೆ ಬಟ್ಟೆಯ ಜೋಡುಗಳನ್ನು ಬೆರಳಿಂದ ಎಳೆದು ನೋಡಿದರು. "ಇಷ್ಟು ನೀರಿನ ಭಾರಕ್ಕೂ ಹೊಲಿಗೆ ಒಂದು ಕಡೆಯೂ ಬಿಟ್ಟಿಲ್ಲ. ಆದರೆ ಈ ಬಟ್ಟೆ ಆರಿಸಿದವರು ಯಾರು?"

ನೌಕರಿ ಕಣ್ಣಮುಂದೆ ಬಂತು. ಹೊಲಿಗೆಯ ಹೊಗಳಿಕೆ ಆಕೆಗೆ, ಬಟ್ಟೆಯ ಬೈಗುಳ ನನಗೆ ಎಂಬ ಹಂಚಿಕೆಯೂ ಕಣ್ಣಮುಂದೆ ಬಂತು. "ನನ್ನ ಹೆಂಡ್ತಿರಿ ಸಾಹೇಬ್ರ" ಎಂದೆ. "ಹೆಣ್ಮಕ್ಕಳಿಗೆ ಬಣ್ಣ ಅಂದ್ರ ಪ್ರೀತಿ ನೋಡ್ರಿ."

ಇಂಥ ಸುಳ್ಳು ಹೇಳಿದವನು ಕನಿಷ್ಠ ಪಕ್ಷ ತಾನು ಯಾರ ಕೈಕೆಳಗಿದ್ದೇನೆಂದಾದರೂ ಅರಿತಿರಬೇಕು. ನಮ್ಮ ಸಾಹೇಬರು ತಕರಾರು ಬಂದರೆ ಸ್ಥಳಕ್ಕೇ ಹೋಗಿ ವಿಚಾರಿಸುವ ಮನುಷ್ಯ. ಭಾಲ್ಕಿಗೆ ಮರಳಿದ ಮರುದಿನವೇ ನಮ್ಮ ಮನೆಗೆ ಬಂದು ಪಡಸಾಲೆಯಲ್ಲಿ ಕುಳಿತರು. ನೀಲಮ್ಮ ತಲೆಯ ಮೇಲೆ ಸೆರಗು ಹೊದ್ದು ಬಾಗಿಲ ಮರೆಯಲ್ಲಿ ನಿಂತಳು. "ತಾಯಿ, ನಿಮ್ಮ ಹೊಲಿಗೆ ಬಹಳ ಚೆನ್ನಾಗಿದೆ. ಬಟ್ಟೆ ಆರಿಸುವುದರಲ್ಲಿ ಮಾತ್ರ ಸ್ವಲ್ಪ ತಪ್ಪಿದಿರಿ" ಎಂದರು.

ಆಕೆ ನನ್ನ ಕಡೆ ನೋಡಿದಳು. ನಾನು ಜಂತಿ ಎಣಿಸುತ್ತಿದ್ದೆ. ಆಕೆಯ ದನಿ ಕೇಳಿತು: "ತಪ್ಪಾಗ್ಯಾದರಿ ಸಾಹೇಬ್ರ. ಮನ್ಯಾಗ ಕುಂತು ಅರಿವಿ ತರಿಸಿದ್ರ ಹಿಂಗೇ ಆಗ್ತದ. ಈ ಸಲ ನಾನೇ ಹೋಗಿ ಮುಟ್ಟಿ ನೋಡಿ ತರ್ತೇನ್ರಿ."

ಹೀಗೆ ನನ್ನ ಸುಳ್ಳನ್ನು ನಿಜ ಮಾಡಿಕೊಟ್ಟು, ಅದರ ಬೆಲೆಯೆಂಬಂತೆ ನನ್ನ ಹೆಂಡತಿ ಜೀಪಿನ ಮುಂದಿನ ಆಸನದಲ್ಲಿ ಸಾಹೇಬರ ಹೆಂಡತಿಯ ಜೊತೆ ಬೀದರಿಗೆ ಹೊರಟಳು. ಹಿಂದೆ ಸಾಹೇಬರು, ಅವರ ಮಗ್ಗುಲಲ್ಲಿ ಗೋಣಿಚೀಲದಂತೆ ನಾನು. ಅದೇ ಶೇಠಜಿಯ ಅಂಗಡಿ. ನೀಲಮ್ಮ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು, ಅಡ್ಡ ಎಳೆದಳು, ಉದ್ದ ಎಳೆದಳು, ಒಂದು ಲೋಟ ನೀರು ಬೇಡಿ ಬಟ್ಟೆಯ ಮೇಲೆ ಸುರಿದು ಕೆಳಗೆ ಅಂಗೈ ಹಿಡಿದು ಕಾದಳು. ಏಳು ಬಗೆ ಬೇಡವೆಂದಳು. ನನಗೆ ನೀರು ಕುಡಿಯುತ್ತೀರಾ ಎಂದೂ ಕೇಳದಿದ್ದ ಶೇಠಜಿ ಆಕೆಗೆ, "ತಾಯಿ, ಒಳಗ ಇನ್ನೊಂದು ತಾನ ಅದ, ನಿಮ್ಮಂಥವ್ರು ಬಂದ್ರ ತೋರಸಬೇಕಂತ ಇಟ್ಟೀನಿ" ಎಂದು ಒಳಗಿಂದ ತಂದರು. ಬಣ್ಣ ಹಾಕದ ದಪ್ಪ ಕೋರಾ ಕ್ಯಾನ್ವಾಸು. ಹಾಲಿನ ಕೆನೆಯ ಬಣ್ಣ. ನೀಲಮ್ಮ ಅದರ ಮೇಲೆ ಕೈಯಾಡಿಸಿ ನನ್ನತ್ತ ತಿರುಗಿ, "ಖಾಕಿ ಬ್ಯಾಡ ಅಂತ ನೀವು ಅಂದಿದ್ದು ಖರೇ ಅದರಿ. ಇದಕ್ಕ ಮಂದಿ ಅಂಜಂಗಿಲ್ಲ" ಎಂದಳು. ಆ ಒಂದು ಮಾತಿಗೆ ನನ್ನ ಕಣ್ಣು ಒದ್ದೆಯಾಗಬೇಕಿತ್ತು. ಅಷ್ಟರಲ್ಲಿ ಶೇಠಜಿ ನನ್ನ ಮುಖ ನೋಡಿ ಗುರುತು ಹಿಡಿದರು. "ಅರೆ! ಅವತ್ತ ಪಟ್ಟಾಪಟ್ಟಿ ಒಯ್ದಾವ್ರು ನೀವೇ ಅಲ್ರಿ? ಬ್ಯಾಡ ಬ್ಯಾಡ ಅಂದ್ರೂ ಕೇಳಲಿಲ್ಲ ನೀವು!"

ಸಾಹೇಬರು ನನ್ನನ್ನು ನೋಡಿದರು. ಏನೂ ಅನ್ನಲಿಲ್ಲ. ಬೀದರಿನಿಂದ ಭಾಲ್ಕಿಯವರೆಗೆ ಏನೂ ಅನ್ನಲಿಲ್ಲ. ಬೈದಿದ್ದರೆ ಆ ದಾರಿ ಅರ್ಧವಾಗುತ್ತಿತ್ತು.

ಕ್ಯಾನ್ವಾಸು ದಪ್ಪ. ಒಬ್ಬಳೇ ಗಾಲಿ ತಿರುಗಿಸುತ್ತ ಬಟ್ಟೆ ನೂಕುವುದು ಆಗದ ಮಾತು. ಆಕೆ ಎರಡೂ ಕೈಯಿಂದ ಬಟ್ಟೆ ಹಿಡಿದಳು, ಗಾಲಿ ನನ್ನ ಪಾಲಿಗೆ ಬಂತು. "ಸಾವಕಾಶ ತಿರಗಸ್ರಿ... ನಿಂದರ್ರಿ... ಈಗ ತಿರಗಸ್ರಿ." ಸರ್ಕಾರಿ ಗುಮಾಸ್ತ ತನ್ನ ಮನೆಯಲ್ಲೇ ಜವಾನನಾದ. ಸೂಜಿ ತೂರಿದ ತೂತುಗಳಿಂದ ನೀರಿಳಿಯಬಾರದೆಂದು ಆಕೆ ಜೋಡಿನುದ್ದಕ್ಕೂ ಜೇನುಮೇಣ ತಿಕ್ಕಿದಳು. ನಡುವೆ ಏರು, ಎರಡೂ ಬದಿಗೆ ಇಳಿಜಾರು ಇಟ್ಟಳು.

ಅದನ್ನು ಔರಾದದ ಹೊರಗೆ ಬಿಚ್ಚಿದ ದಿನ ಜೋರು ಗಾಳಿ ಎದ್ದಿತು. ದೇವರ ಮುಂದೆ ಮುಚ್ಚಿಡುವುದೇನು, ಅದು ಹರಿಯಲಿ ಎಂದು ನಾನು ಮನಸ್ಸಿನಲ್ಲಿ ಬೇಡಿಕೊಂಡೆ. ಒಂದೇ ಒಂದು ಮೂಲೆ, ಒಂದು ಗೇಣು ಹರಿದರೂ ಸಾಕಿತ್ತು. ಕಾಗದ ಹಾರಿದವು, ನನ್ನ ಟೋಪಿ ಹಾರಿ ತೊಗರಿಯ ಹೊಲಕ್ಕೆ ಬಿತ್ತು. ಸಾಯಬಾನ ಮಾತ್ರ ಪೂರಿಯಂತೆ ಉಬ್ಬಿ ಹಾಗೆಯೇ ನಿಂತಿತು. ಅದರ ಕೆಳಗಿದ್ದ ರೈತನೊಬ್ಬ, "ಯಾರ ಕೈ ಹೊಲಗಿರಿ ಇದು?" ಎಂದು ಕೇಳಿದ. "ನಮ್ಮ ಮನಿಯಾಕಿದು" ಎಂದೆ. ಅಭಿಮಾನವೂ ಸಂಕಟವೂ ಒಂದೇ ಗಂಟಲಲ್ಲಿ ಹಾದುಹೋದವು.

ಅಲ್ಲಿಂದ ಆಕೆಯ ದಿನ ಶುರುವಾಯಿತು. ಬಂಡಿಯ ಮೇಲಿನ ಹೊದಿಕೆ, ಅಡತಿ ಅಂಗಡಿಯ ಮುಂದಿನ ಪರದೆ, ಇನ್ನೊಬ್ಬ ಸಾಹೇಬರ ಜೀಪಿನ ಮೇಲ್ಹೊದಿಕೆ, ಎಲ್ಲವೂ ನಮ್ಮ ಪಡಸಾಲೆಗೆ ಬಂದವು. ಕಚೇರಿಯಲ್ಲಿ ಸಾಹೇಬರು ಕುರ್ಚಿಗೆ ಗಾದಿ ಹೊಲಿಸುವುದಕ್ಕೂ "ನಿಮ್ಮ ಮನೆಯವರನ್ನು ಒಂದು ಮಾತು ಕೇಳಿ" ಎನ್ನತೊಡಗಿದರು. ನನ್ನ ನೌಕರಿ ಉಳಿಯಿತು. ಉಳಿಸಿದ್ದು ಉರ್ದುವೋ ಕ್ಯಾನ್ವಾಸೋ ಎಂದು ನಾನು ಯಾರನ್ನೂ ಕೇಳಲು ಹೋಗಲಿಲ್ಲ. ಒಂದು ದಿನ ಬಜಾರದಲ್ಲಿ ಯಾರೋ ನನ್ನನ್ನು ಇನ್ನೊಬ್ಬರಿಗೆ ತೋರಿಸಿ, "ಮಶೀನ ನೀಲಮ್ಮನ ಗಂಡ" ಎಂದರು. ಮನೆಗೆ ಬಂದು ಆ ಸಿಟ್ಟನ್ನು ಗಾಲಿಯ ಮೇಲೆ ತೀರಿಸಿಕೊಂಡೆ. ಆದರೂ ಗಾಲಿ ನನ್ನದೇ ಇತ್ತಲ್ಲ, ಅಷ್ಟೊಂದು ಸಮಾಧಾನ.

ಆಮೇಲೊಮ್ಮೆ ನಾಲ್ಕು ದಿನದ ಮುಕ್ಕಾಂ ಮುಗಿಸಿ ಮನೆಗೆ ಬಂದೆ. ಪಡಸಾಲೆಯಲ್ಲಿ, ನಾನು ಕೂರುವ ಮಣೆಯ ಮೇಲೆ, ನೆರೆಮನೆಯ ಸಿದ್ರಾಮ ಕಾಕಾ ಕುಳಿತು ಗಾಲಿ ತಿರುಗಿಸುತ್ತಿದ್ದರು. ಮೂವತ್ತು ವರ್ಷ ಟಪಾಲು ಹಂಚಿ ನಿವೃತ್ತರಾದವರು, ಬಾಯಲ್ಲಿ ಹಲ್ಲಿಲ್ಲ, ಕೆಮ್ಮು ಬಿಟ್ಟರೆ ಬೇರೆ ಚಟವಿಲ್ಲ. ನೀಲಮ್ಮ ತಲೆಯೆತ್ತಿ ನಕ್ಕು ಹೇಳಿದಳು: "ಕಾಕಾ ಕೈ ಎಷ್ಟು ಸಮ ಅದ ನೋಡ್ರಿ. ಒಂದು ಸಲಾನೂ ದಾರ ಹರೀಲಿಲ್ಲ."

ಆ ಕ್ಷಣ ನನಗಾದದ್ದನ್ನು ಏನೆಂದು ಹೇಳಲಿ! ಆಕೆಯ ಮೇಲಿದ್ದ ಮತ್ಸರವೆಲ್ಲ ಎಲ್ಲಿಗೆ ಹೋಯಿತೋ. ಎಪ್ಪತ್ತರ ಆ ಬೊಚ್ಚುಬಾಯಿಯ ಮುದುಕನ ಮೇಲೆ ಅದರ ಎರಡರಷ್ಟು ಹುಟ್ಟಿತು. ಮರುದಿನ ಮತ್ತೆ ಔರಾದಕ್ಕೆ ಹೊರಡಬೇಕಿತ್ತು. ಎರಡು ದಿನದ ರಜೆ ಬೇಕೆಂದು ಅರ್ಜಿ ಬರೆದೆ, ಸಾಹೇಬರಿಗೆ ತಿಳಿಯಲೆಂದು ಕನ್ನಡದಲ್ಲೇ ಬರೆದೆ. ಕಾರಣ: ಹೊಟ್ಟೆನೋವು.

ಸಾಹೇಬರು ಓದಿದರು. "ಮುಕ್ಕಾಂನಿಂದ ಮರಳುವಾಗ ನಿಮ್ಮ ಮನೆಯ ಮುಂದೆ ಹಾದುಬಂದೆ. ಯಾರೋ ಹಿರಿಯರು ಮಶೀನು ತಿರುಗಿಸುತ್ತಿದ್ದರು. ಒಳ್ಳೆಯ ಕೈ" ಎಂದರು. ಅವರು ಪೆನ್ನು ತೆಗೆದು ನನ್ನ ಅರ್ಜಿಯಲ್ಲಿ ಒಂದು ಪದದ ಅರ್ಧವನ್ನು ಹೊಡೆದುಹಾಕಿ, ಮೇಲೆ ಏನೋ ತಿದ್ದಿ, ಕೆಳಗೆ 'ಮಂಜೂರು' ಎಂದು ರುಜು ಹಾಕಿ ಕೊಟ್ಟರು. ಹೊರಗೆ ಬಂದು ನೋಡಿದೆ. 'ನೋವು' ಹೋಗಿತ್ತು. ಅದರ ಜಾಗದಲ್ಲಿ 'ಕಿಚ್ಚು' ಎಂದಿತ್ತು.

ಮನೆಗೆ ಹೋಗಿ ಗಾಲಿ ಹಿಡಿದು ಕುಳಿತೆ. ನೀಲಮ್ಮ ಬಟ್ಟೆಯಿಂದ ಕಣ್ಣೆತ್ತದೆ, "ಹೊಟ್ಟಿ ಹ್ಯಾಂಗದರಿ ಈಗ?" ಎಂದಳು. ಅರ್ಜಿಯನ್ನು ನಾನು ಆಕೆಗೆ ತೋರಿಸಿರಲಿಲ್ಲ. "ಬೇಸ್ ಅದ" ಎಂದೆ. ನಿಜಕ್ಕೂ ಚೆನ್ನಾಗಿಯೇ ಇತ್ತು. ಆದರೆ ಗೋಡೆಯಾಚೆ ಸಿದ್ರಾಮ ಕಾಕಾ ಕೆಮ್ಮಿದಾಗಲೆಲ್ಲ ನನ್ನ ಕೈ ತಾನಾಗಿ ಒಂದು ಸುತ್ತು ಜೋರಾಗಿ ತಿರುಗಿಬಿಡುತ್ತಿತ್ತು. ಆ ಎರಡು ದಿನದಲ್ಲಿ ದಾರ ಹನ್ನೊಂದು ಸಲ ಹರಿಯಿತು.