ಬ್ಯಾಕ್ಟೀರಿಯಾ ರಿಪೇರಿಯವನ ಪಾಡು

ಅತಿಥಿ ಉಪನ್ಯಾಸಕನ ಬಾಳಿನಲ್ಲಿ ನಗೆಪ್ರಸಂಗಗಳಿಗೆ ಬರವಿಲ್ಲ. ನಗುವವರು ಮಾತ್ರ ಯಾವಾಗಲೂ ಬೇರೆಯವರು. ಸೂಕ್ಷ್ಮಜೀವಿಶಾಸ್ತ್ರ ಹೇಳಿಕೊಡುತ್ತಾ ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಅಂತ ಬಸ್ಸಿನ ಕಿಟಕಿಯಲ್ಲೇ ಹನ್ನೊಂದು ವರ್ಷ ಕಳೆದವನು ನಾನು. ನಡುವೆ ಒಂದು ವರ್ಷ ಮೇಲಿನಿಂದ ಸುದ್ದಿ ಬಂತು: ಪಿಎಚ್‌ಡಿ ಇಲ್ಲದವರಿಗೆ ಇನ್ನು ಕೆಲಸವಿಲ್ಲ. "ಬೇಗ ಮುಗಿಸಿಬಿಡಿ" ಅಂದಳು ಹೆಂಡತಿ, ಅದೇನು ಒಲೆಯ ಮೇಲಿನ ಅನ್ನವೋ ಎಂಬಂತೆ.

ನಾನು ಹಿಡಿದ ವಿಷಯ ಇದು: ಬಿಸಿಲಿನ ಏಟಿಗೆ ಬ್ಯಾಕ್ಟೀರಿಯಾದ ಡಿಎನ್‌ಎ ಕೆಟ್ಟರೆ ಅದು ತನ್ನನ್ನು ತಾನೇ ಹೇಗೆ ರಿಪೇರಿ ಮಾಡಿಕೊಳ್ಳುತ್ತದೆ, ರಿಪೇರಿ ಮುಗಿಯುವ ತನಕ ಎರಡಾಗದೆ ಹೇಗೆ ತಡೆದು ನಿಲ್ಲುತ್ತದೆ. ಬ್ಯಾಕ್ಟೀರಿಯಾ ಉಳಿದರೆ ನನ್ನ ಕೆಲಸ ಉಳಿಯಿತು ಎನ್ನುವ ಪರಿಸ್ಥಿತಿ.

ಅಪ್ಪನ ತೀರ್ಪು

ಅಪ್ಪ ನಾಗಮಂಗಲದಲ್ಲಿ ಅಕ್ಕಸಾಲಿ. ಹಿಂದೆ ಮದುವೆಗೆ ತಿಂಗಳಿರುವಾಗಲೇ ಹೆಣ್ಣಿನ ಕಡೆಯವರು ಬಂದು ನಮ್ಮ ಜಗಲಿ ತುಂಬಾ ಕೂರುತ್ತಿದ್ದರು. ಈಗ ಎಲ್ಲರೂ ಮೈಸೂರಿನ ಶೋರೂಮಿಗೆ ಹೋಗುತ್ತಾರೆ. ಅಪ್ಪನ ಹತ್ತಿರ ಬರುವುದು ತುಂಡಾದ ಸರ, ಕಳಚಿದ ಕೊಂಡಿ, ತಿರುಪು ಸವೆದ ಓಲೆ.

"ಅದೇನ್ಲಾ ನಿನ್ನ ಓದು?" ಅಂತ ಒಂದು ದಿನ ಕೇಳಿದರು. ವಿವರಿಸಿದೆ. ಅಪ್ಪ ಊದುಗೊಳವೆ ಕೆಳಗಿಟ್ಟರು.

"ಮುರ್ದೋಗಿರದ್ನ ಅದೇ ಬೆಸುಗೆ ಆಕ್ಕತದಾ?"

"ಹೂಂ ಅಪ್ಪ."

"ಅಲ್ಲಾ ಕಣ್ಲಾ, ಒಸಾ ಒಡವೆ ಎಲ್ಲಾ ಶೋರೂಮಿಗೋಯ್ತು, ಮುರ್ದಿದ್ದು ಮಾತ್ರ ನಮ್ಮನೆಗ್ ಬತ್ತದೆ. ನೀನಾರಾ ಬೇರೆ ಕೆಲ್ಸ ಇಡಿ ಅಂತ ಓದುಸ್ದೆ. ಓಗಿ ಓಗಿ ಕಣ್ಗೇ ಕಾಣ್ದಿರವುಗಳ ಮುರುಕ್ಲು ಉಡಿಕ್ಕೊಂಡಿದ್ದೀಯಲ್ಲಾ! ಅವೂ ತಮ್ದು ತಾವೇ ರಿಪೇರಿ ಮಾಡ್ಕತವೆ ಅಂದ್ಮೇಲೆ ಅಲ್ಲಿ ನಿಂಗೇನ್ಲಾ ಕೆಲ್ಸ?"

ಹತ್ತಕ್ಕೆ ಸೊನ್ನೆ

ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಕಿರುಪರೀಕ್ಷೆ. ಡಿಎನ್‌ಎ ಕೆಟ್ಟಾಗ ಬ್ಯಾಕ್ಟೀರಿಯಾ ಯಾಕೆ ಎರಡಾಗುವುದಿಲ್ಲ ಎಂಬುದು ಪ್ರಶ್ನೆ. ಮಾಕವಳ್ಳಿ ಕಡೆಯ ಒಬ್ಬ ಹುಡುಗಿ ಹೀಗೆ ಬರೆದಿದ್ದಳು: "ಅಣ್ಣತಮ್ಮಂದಿರು ಬೇರೆಯಾಗುವ ಮುಂಚೆ ಮನೆಪತ್ರ ತೆಗೆದು ನೋಡುತ್ತಾರೆ. ಪತ್ರ ಹರಿದಿದ್ದರೆ ಅದು ಸರಿಯಾಗುವ ತನಕ ಭಾಗ ಮಾಡುವುದಿಲ್ಲ. ಆದರೆ ಸಂಸಾರ ಬೆಳೆಯುವುದು ನಿಲ್ಲುವುದಿಲ್ಲವಲ್ಲ, ಹಿಂದೆ ಒಂದೊಂದೇ ಕೋಣೆ ಸೇರಿಸುತ್ತಾ ಹೋಗುತ್ತಾರೆ. ಮನೆ ರೈಲಿನ ಹಾಗೆ ಉದ್ದವಾಗುತ್ತದೆ. ಬ್ಯಾಕ್ಟೀರಿಯಾವೂ ಹಾಗೇ."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಸೂಕ್ಷ್ಮದರ್ಶಕದಲ್ಲಿ ಅವು ಕಾಣುವುದೂ ಹಾಗೆಯೇ, ಎರಡಾಗದೆ ಶಾವಿಗೆಯಂತೆ ಉದ್ದಕ್ಕೆ ಬೆಳೆದಿರುತ್ತವೆ. ನನ್ನ ಪ್ರಬಂಧಕ್ಕೆಂದು ಬರೆದ ಮೂರು ಅಧ್ಯಾಯಗಳಲ್ಲಿ ಇಷ್ಟು ಸ್ಪಷ್ಟವಾದ ಒಂದು ವಾಕ್ಯವೂ ಇರಲಿಲ್ಲ. ಹತ್ತಕ್ಕೆ ಹತ್ತು ಕೊಟ್ಟೆ.

ವಿಭಾಗದ ಮುಖ್ಯಸ್ಥರು ಅದನ್ನು ಹೊಡೆದು ಸೊನ್ನೆ ಹಾಕಿದರು.

"ಸಾರ್, ಆ ಹುಡುಗಿಗೆ ಅರ್ಥವಾಗಿದೆ" ಅಂದೆ. ಅದಕ್ಕಿಂತ ಹೆಚ್ಚು ಮಾತಾಡಲಿಲ್ಲ. ಮುಂದಿನ ವರ್ಷದ ಕೆಲಸಕ್ಕೆ ನನ್ನ ಹೆಸರು ಕಳಿಸಬೇಕಾದವರು ಅವರೇ. ಅಷ್ಟಕ್ಕೇ ಬಿಟ್ಟದ್ದಕ್ಕೆ ಇವತ್ತಿಗೂ ನಾಚಿಕೆಯಿದೆ.

"ಅರ್ಥ ಆಗಿದ್ರೆ ಪುಸ್ತಕದಲ್ಲಿರೋದನ್ನ ಬರೀಬೇಕಿತ್ತು" ಅಂದರು ಮುಖ್ಯಸ್ಥರು. "ಅರ್ಥ ಆಗದೆ ಇರೋರೆಲ್ಲ ಬರೆದಿದಾರೆ, ನೋಡಿ."

ಹದಿನೈದು ದಿನದ ಕೀರ್ತಿ

ಪ್ರಬಂಧದ ಕೊನೆಯ ಪ್ರಯೋಗ ನಡೆದದ್ದು ಪಾಂಡವಪುರದ ಲ್ಯಾಬಿನಲ್ಲಿ. ಗಾಜಿನ ತಟ್ಟೆಗಳಲ್ಲಿ ಬ್ಯಾಕ್ಟೀರಿಯಾ ಹರಡಿ, ಎಲ್ಲಕ್ಕೂ ಬಿಸಿಲಿನ ಬದಲು ನೇರಳಾತೀತ ದೀಪದ ಏಟು ಕೊಟ್ಟು, ಅರ್ಧ ತಟ್ಟೆಗಳನ್ನು ಮಾಮೂಲಿ ಬೆಳಕಿನಲ್ಲಿಡಬೇಕು, ಉಳಿದರ್ಧಕ್ಕೆ ಕಪ್ಪು ಕಾಗದ ಸುತ್ತಬೇಕು. ಬೆಳಕು ಕಂಡವು ಆ ಬೆಳಕಿನ ಬಲದಿಂದಲೇ ರಿಪೇರಿಯಾಗಿ ಬದುಕುತ್ತವೆ, ಕತ್ತಲಲ್ಲಿದ್ದವು ಬಹುಪಾಲು ಸಾಯುತ್ತವೆ. ಇದು ಓದಿದವರಿಗೆಲ್ಲ ಗೊತ್ತಿರುವ ವಿಷಯ. ಸುತ್ತಿಟ್ಟು ಕಾಫಿಗೆ ಹೋಗಿ ಗಂಟೆ ಬಿಟ್ಟು ಬಂದೆ.

ಹಬ್ಬದ ರಜೆ ಕಳೆದು ನೋಡಿದರೆ ಕತ್ತಲಿನ ತಟ್ಟೆಗಳಲ್ಲೂ ಅಷ್ಟೇ ದಟ್ಟವಾಗಿ ಬೆಳೆದಿವೆ! ಕೂಡಲೇ ನನ್ನ ಪಿಎಚ್‌ಡಿ ಗೈಡ್‌ಗೆ ಫೋನ್ ಮಾಡಿದೆ. ಹತ್ತು ಸಲ ಮಾಡಿದರೆ ಒಂದು ಸಲ ಎತ್ತುವವರು ಅವತ್ತು ತಾವೇ ಎರಡು ಸಲ ವಾಪಸ್ ಮಾಡಿದರು. "ಲೇಖನದಲ್ಲಿ ನನ್ನ ಹೆಸರು ಮೊದಲಿರಲಿ" ಅಂದರು. ಹದಿನೈದು ದಿನ ಇಬ್ಬರ ಕಾಲೂ ನೆಲದ ಮೇಲಿರಲಿಲ್ಲ.

ಆಮೇಲೆ ಅದೇ ಪ್ರಯೋಗವನ್ನು ಮತ್ತೆ ಮೂರು ಸಲ ಮಾಡಿದೆ. ಮೂರು ಸಲವೂ ಕತ್ತಲಲ್ಲಿದ್ದವು ಸತ್ತವು. ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಲ್ಯಾಬಿನ ಅಟೆಂಡರು ಹತ್ತಿರ ಬಂದರು. ಕಮ್ಮಾರರ ಮನೆಯವರು, ನನಗಿಂತ ಹಿರಿಯರು.

"ಸಾ, ಅವತ್ತು ಆಯುಧಪೂಜೆ ಅಲ್ವರಾ? ನೀವ್ ಕಾಫಿಗೋದಾಗ ಲ್ಯಾಬಿನ್ ಸಾಮಾನೆಲ್ಲಾ ಜೋಡ್ಸಿದ್ದೆ. ಕರೀ ಕಾಗ್ದುದ್ ಮ್ಯಾಲೆ ಎಂಗೆ ಕುಂಕುಮ ಇಡದು ಅಂತ ಬಿಚ್ಚಿ, ಕಿಟಕಿ ತಾವ ಬೆಳಕ್ನಲ್ಲಿ ಮಡಗಿ ಪೂಜೆ ಮಾಡ್ಬುಟ್ಟೆ. ನೀವು ಬಯ್ತೀರಿ ಅಂತ ಕುಂಕುಮ ಒರ್ಸಿ, ಇದ್ದಂಗೇ ಸುತ್ತಿ ಮಡುಗ್ಬುಟ್ಟೆ."

ಅವರನ್ನು ಬಯ್ಯಲು ಮನಸ್ಸು ಬರಲಿಲ್ಲ. ಗೈಡ್‌ಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಅವರು, "ಹಾಗಾದರೆ ನಿಮ್ಮ ಹೆಸರೇ ಮೊದಲಿರಲಿ ಬಿಡಿ" ಅಂದರು.

ಒಂದೇ ಶಾಲು

ಅಂತೂ ಇಂತೂ ಪಿಎಚ್‌ಡಿ ಬಂತು. ಆಗ ಶ್ರೀರಂಗಪಟ್ಟಣದ ಕಡೆಯ ಒಂದು ಕಾಲೇಜಿನಲ್ಲಿದ್ದೆ. ಪ್ರಾಂಶುಪಾಲರು ಸನ್ಮಾನ ಇಟ್ಟುಕೊಂಡರು. ಹೆಂಡತಿ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಇನ್ನು ಕೆಲಸಕ್ಕೆ ಭಯವಿಲ್ಲ ಎಂಬ ನೆಮ್ಮದಿ ಎಷ್ಟೋ ವರ್ಷದ ಮೇಲೆ ಅವಳ ಮುಖದಲ್ಲಿತ್ತು.

ವೇದಿಕೆಯ ಬ್ಯಾನರ್ ಮೇಲೆ 'ಅಭಿನಂದನೆ ಮತ್ತು ಬೀಳ್ಕೊಡುಗೆ ಸಮಾರಂಭ' ಎಂದಿತ್ತು. ಪಾಪ, ಯಾರೋ ನಿವೃತ್ತರಾಗುತ್ತಿರಬೇಕು ಅಂದುಕೊಂಡೆ. ಹಾರ ಹಾಕಿ, ಶಾಲು ಹೊದಿಸಿ ಕೂರಿಸಿದ ಮೇಲೆ ಪ್ರಾಂಶುಪಾಲರ ಕಿವಿಯಲ್ಲಿ ಕೇಳಿದೆ, "ಬೀಳ್ಕೊಡುಗೆ ಯಾರಿಗೆ ಸಾರ್?"

"ನಿಮಗೇ. ನಿನ್ನೆ ಆರ್ಡರ್ ಬಂತು, ನಿಮ್ಮ ಜಾಗಕ್ಕೆ ಕಾಯಂ ಮೇಡಂ ವರ್ಗವಾಗಿ ಬಂದಿದಾರೆ. ಎರಡೆರಡು ಫಂಕ್ಷನ್ ಯಾಕೆ ಅಂತ ಒಂದರಲ್ಲೇ ಮುಗಿಸ್ತಿದೀವಿ. ಶಾಲೂ ಒಂದೇ ಸಾಕಲ್ಲ."

ಆಮೇಲೆ ಮೈಕಿನ ಮುಂದೆ ನಿಂತು, "ಇಷ್ಟು ಓದಿದವರನ್ನು ನಮ್ಮಂಥ ಸಣ್ಣ ಕಾಲೇಜಿನಲ್ಲಿ ಕಟ್ಟಿಹಾಕುವುದು ಅನ್ಯಾಯ" ಅಂದರು. ಸಭೆ ಚಪ್ಪಾಳೆ ತಟ್ಟಿತು. ಹೆಂಡತಿಯೂ ತಟ್ಟಿದಳು. ಅವಳೂ ಬ್ಯಾನರನ್ನು ನನ್ನ ಹಾಗೆಯೇ ಓದಿಕೊಂಡಿದ್ದಳು. ಅವಳ ಆ ಕೈಗಳನ್ನು ನೋಡಲಾಗದೆ ನಾನು ತಲೆ ತಗ್ಗಿಸಿದೆ. ಜನ ಅದನ್ನು ವಿನಯ ಅಂದುಕೊಂಡರು.

ಇಳಿದು ಬಂದರೆ ಹೊಸ ಮೇಡಂ ಕೈಮುಗಿದರು. "ಸಾರ್, ಎಂಟು ವರ್ಷದಿಂದ ಕಚೇರಿ ಕೆಲಸದಲ್ಲೇ ಇದ್ದೆ. ಈ ಡಿಎನ್‌ಎ ರಿಪೇರಿ ಪಾಠ ಪೂರ್ತಿ ಮರೆತೇಹೋಗಿದೆ. ನೀವೇ ಒಂದು ಸಲ ಹೇಳಿಕೊಟ್ಟುಬಿಡ್ತೀರಾ?"

ಪ್ರಾಂಶುಪಾಲರೇ ನನ್ನ ಹೆಗಲ ಮೇಲೆ ಕೈ ಹಾಕಿ, "ಖಂಡಿತ ಹೇಳಿಕೊಡ್ತಾರೆ! ನಾಳೆಯೇ ಒಂದು ವಿಶೇಷ ಉಪನ್ಯಾಸ ಇಟ್ಟುಬಿಡೋಣ" ಅಂದರು. ಆಮೇಲೆ ನನ್ನ ಕೊರಳನ್ನು ನೋಡಿ ದನಿ ತಗ್ಗಿಸಿದರು: "ಆ ಹಾರಕ್ಕೆ ಒಂದಿಷ್ಟು ನೀರು ಚಿಮುಕಿಸಿ ಇಟ್ಕೊಂಡು ಬನ್ನಿ, ನಾಳೆಗೂ ಆಗುತ್ತೆ."